ಕಡಲ ಗಾಳಿಗೆ ಎಷ್ಟು ಎಕರೆ, ಎಷ್ಟು ಗುಂಟೆ?

ಯಾದಗಿರಿ ಹತ್ತಿರದ ಹತ್ತಿಕುಣಿಯಲ್ಲಿ ನಿಂತು ಸಮುದ್ರ ಎಲ್ಲಿದೆ ಎಂದು ಕೇಳಿದರೆ ಪೂರ್ವಕ್ಕೆ ಕೈ ತೋರಿಸಿದವರೂ ಸರಿ, ಪಶ್ಚಿಮಕ್ಕೆ ತೋರಿಸಿದವರೂ ಸರಿ. ಅತ್ತ ಒಂಗೋಲಿನ ಕರಾವಳಿ, ಇತ್ತ ಗೋವಾ. ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದರೆ ಎರಡೂ 350 ಕಿ.ಮೀ.ಗಿಂತ ಆಚೆ. ಈಗ ಹೆಚ್ಚುಕಡಿಮೆ ಅಷ್ಟೇ ಉದ್ದದ ಗೆರೆಯನ್ನು ದಂಡೆಯಿಂದ ನೀರಿನ ಕಡೆಗೆ ಎಳೆಯಿರಿ. 200 ನಾಟಿಕಲ್ ಮೈಲಿ, ಅಂದರೆ 370 ಕಿ.ಮೀ. ಅಲ್ಲಿಯವರೆಗಿನ ಮೀನು, ತೈಲ, ಗಾಳಿ ಎಲ್ಲದರ ಮೇಲೂ ಭಾರತಕ್ಕೆ ಹಕ್ಕಿದೆ. ಒಟ್ಟು ವಿಸ್ತೀರ್ಣ ಸುಮಾರು 23 ಲಕ್ಷ ಚದರ ಕಿ.ಮೀ. ಅದರಲ್ಲಿ ಹನ್ನೆರಡು ಕರ್ನಾಟಕಗಳು ಹಿಡಿಸುತ್ತವೆ.

ಇಷ್ಟು ದೊಡ್ಡ ಬಯಲಿನಲ್ಲಿ ಕರೆಂಟು ತಯಾರಿಸುತ್ತಿರುವ ಗಾಳಿಯಂತ್ರಗಳೆಷ್ಟು? ಒಂದೂ ಇಲ್ಲ. ಗುಜರಾತ್ ಮತ್ತು ತಮಿಳುನಾಡಿನ ಕಡಲಲ್ಲಿ ಸುಮಾರು 70,000 ಮೆಗಾವ್ಯಾಟ್ ಸಾಧ್ಯವೆಂಬ ಅಂದಾಜಿದೆ. 2022ಕ್ಕೆ 5,000, 2030ಕ್ಕೆ 30,000 ಮೆಗಾವ್ಯಾಟ್ ಎಂಬ ಗುರಿಯನ್ನೂ ಕೇಂದ್ರ ಸರ್ಕಾರ 2018ರಲ್ಲೇ ಹಾಕಿಕೊಂಡಿತ್ತು. ಅದೇ ವರ್ಷ ಖಂಭಾತ್ ಕೊಲ್ಲಿಯ ಮೊದಲ 1,000 ಮೆಗಾವ್ಯಾಟ್‌ಗೆ ಆಸಕ್ತರನ್ನು ಕರೆದಾಗ 35 ಕಂಪನಿಗಳು ಬಂದವು. ಒಂದು ಕಂಬವೂ ನಿಲ್ಲಲಿಲ್ಲ.

ನಿಲ್ಲಬೇಕಾದ ಕಂಬ ಎಂಥದ್ದು? ಡೆನ್ಮಾರ್ಕಿನ ವೆಸ್ಟಾಸ್ ಕಂಪನಿಯ 15 ಮೆಗಾವ್ಯಾಟ್ ಯಂತ್ರವನ್ನೇ ತೆಗೆದುಕೊಳ್ಳಿ. ಒಂದೊಂದು ರೆಕ್ಕೆ 115.5 ಮೀಟರ್. ರೆಕ್ಕೆಯ ತುದಿ ಮೇಲೇರಿದಾಗ 280 ಮೀಟರ್. ವಿಜಯಪುರದ ಗೋಲಗುಮ್ಮಟವನ್ನು ಒಂದರ ಮೇಲೊಂದು ಐದೂವರೆ ಸಲ ಪೇರಿಸಬೇಕು. ಮೂರು ರೆಕ್ಕೆಗಳು ಸುತ್ತುವ ವೃತ್ತ 43,742 ಚದರ ಮೀಟರ್. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ 10 ಎಕರೆ 32 ಗುಂಟೆ, ಅದೂ ನೆಟ್ಟಗೆ ನಿಲ್ಲಿಸಿದ ಹೊಲ! ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ಬೀಸಿದರೆ ಆ ಹೊಲದ ಮೂಲಕ ಪ್ರತಿ ಸೆಕೆಂಡಿಗೆ 530 ಟನ್‌ಗಿಂತ ಹೆಚ್ಚು ಗಾಳಿ ದಾಟಿ ಹೋಗುತ್ತದೆ. ಗಾಳಿಗೂ ತೂಕವಿದೆ ಎಂದು ಶಾಲೆಯಲ್ಲಿ ಓದಿದ್ದೇವೆ, ನಂಬಿದ್ದು ಕಡಿಮೆ.

1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಕಡಲ ಗಾಳಿ ಸ್ಥಾವರ ಶುರುವಾಯಿತು. ಹನ್ನೊಂದು ಯಂತ್ರ ಸೇರಿ 5 ಮೆಗಾವ್ಯಾಟ್ ಕೂಡ ಪೂರ್ತಿ ಇರಲಿಲ್ಲ. ಇವತ್ತಿನ ಒಂದೇ ಯಂತ್ರ ಅಂಥ ಮೂರು ಸ್ಥಾವರಗಳಿಗೆ ಸಮ. 2024ರ ಕೊನೆಗೆ ಜಗತ್ತಿನ ಕಡಲುಗಳಲ್ಲಿ ಸುಮಾರು 83,000 ಮೆಗಾವ್ಯಾಟ್ ನಿಂತಿತ್ತು, ಅರ್ಧದಷ್ಟು ಚೀನಾದ್ದು.

ಹಾಗಾದರೆ ತಡೆ ಎಲ್ಲಿದೆ? ಕಡಲಿಗೆ ಪಹಣಿ ಇಲ್ಲ, ಆದರೆ ಹಕ್ಕುದಾರರು ಇದ್ದಾರೆ. ಹೊಲವಾದರೆ 9ನೇ ಕಾಲಂ ನೋಡಿ ಮಾಲೀಕನ ಹೆಸರು ಹೇಳಬಹುದು. ನೀರಿನಲ್ಲಿ ದಂಡೆಯಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿ.ಮೀ.ವರೆಗೆ ಮೀನುಗಾರಿಕೆಯ ಅಧಿಕಾರ ರಾಜ್ಯದ್ದು. ಅದೇ ನೀರಿನ ಕೆಳಗಿನ ನೆಲ ಸಂವಿಧಾನದ 297ನೇ ವಿಧಿಯಂತೆ ಕೇಂದ್ರದ್ದು. ಬಲೆ ಒಬ್ಬರ ಕಾನೂನಿನಲ್ಲಿ, ಕಂಬ ಇನ್ನೊಬ್ಬರ ಕಾನೂನಿನಲ್ಲಿ. ಇವೆರಡರ ಮೇಲೆ ನೌಕಾಪಡೆ, ಹಡಗು ಮಾರ್ಗ, ತೈಲ ಬಾವಿ, ಪರಿಸರ ಇಲಾಖೆ.

ಮೀನುಗಾರರ ಅಂಜಿಕೆಗೆ ಅಂಕಿಯ ಆಧಾರವಿದೆ. ಅಂತರರಾಷ್ಟ್ರೀಯ ಸಮುದ್ರ ಕಾನೂನಿನಂತೆ ಕಡಲಲ್ಲಿ ಕಟ್ಟಿದ ರಚನೆಯ ಸುತ್ತ 500 ಮೀಟರ್‌ವರೆಗೆ ಸುರಕ್ಷತಾ ವಲಯ ಗುರುತಿಸಬಹುದು. ಆ ವೃತ್ತ 194 ಎಕರೆ. ಕಂಬಕ್ಕೆ ಬೇಕಾದ ಜಾಗ ಅಷ್ಟಿಷ್ಟು, ಆದರೆ ಕಂಬ ದೋಣಿಗಳನ್ನು ದೂರ ಇಡಬಹುದಾದ ಜಾಗ ಇಷ್ಟು. ಬ್ರಿಟನ್ನಿನ ಹಾರ್ನ್‌ಸೀ-2 ಸ್ಥಾವರದಲ್ಲಿ 165 ಯಂತ್ರಗಳು 462 ಚದರ ಕಿ.ಮೀ.ಯಲ್ಲಿ ಹರಡಿವೆ. ಪಾಕ್ ಕೊಲ್ಲಿಯಲ್ಲಿ ತಮಿಳುನಾಡು 2022ರಲ್ಲಿ ಕಡಲ ಹಸುಗಳಿಗಾಗಿ ಮೀಸಲಿಟ್ಟ ಪ್ರದೇಶ 448 ಚದರ ಕಿ.ಮೀ. ಒಂದು ಸ್ಥಾವರ, ಒಂದು ಪ್ರಾಣಿಯ ಆಸರೆ, ಅಳತೆಯಲ್ಲಿ ಹೆಚ್ಚುಕಡಿಮೆ ಒಂದೇ. ಭಾರತದಲ್ಲಿ ಉಳಿದಿರುವ ಕಡಲ ಹಸುಗಳು ಸುಮಾರು 240 ಎನ್ನುತ್ತಾರೆ.

ಸ್ವೀಡನ್ನಿನ ಜಗಳ ಇದಕ್ಕಿಂತ ವಿಚಿತ್ರ. 2024ರ ನವೆಂಬರ್ 4ರಂದು ಅಲ್ಲಿನ ಸರ್ಕಾರ ಬಾಲ್ಟಿಕ್ ಸಮುದ್ರದ 13 ಯೋಜನೆಗಳಿಗೆ ಒಟ್ಟಿಗೇ ಇಲ್ಲ ಎಂದಿತು. ಒಟ್ಟು ಸುಮಾರು 32,000 ಮೆಗಾವ್ಯಾಟ್. ಯಂತ್ರಗಳ ಗೋಪುರ ರಾಡಾರ್‌ಗೆ ಅಡ್ಡಬಂದರೆ, ಕ್ಷಿಪಣಿ ಬರುವ ಸುಳಿವು ಎರಡು ನಿಮಿಷ ಮುಂಚೆ ಸಿಗುವ ಬದಲು ಒಂದೇ ನಿಮಿಷ ಮುಂಚೆ ಸಿಗುತ್ತದೆ ಎಂದರು ರಕ್ಷಣಾ ಮಂತ್ರಿ ಪಾಲ್ ಯೋನ್ಸನ್. ನಮ್ಮ ಮೊದಲ ಯೋಜನೆಯ ಮೂವತ್ತೆರಡು ಪಟ್ಟು ಕರೆಂಟು ತಕ್ಕಡಿಯ ಒಂದು ತಟ್ಟೆಯಲ್ಲಿ, ಅರವತ್ತು ಸೆಕೆಂಡು ಇನ್ನೊಂದರಲ್ಲಿ. ಅರವತ್ತು ಸೆಕೆಂಡು ಗೆದ್ದಿತು. ರಷ್ಯಾದ ಕಲಿನಿನ್‌ಗ್ರಾಡ್ ಅಷ್ಟು ಹತ್ತಿರ ಇರುವಾಗ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ.

ದುಡ್ಡಿನ ಕಥೆಯೂ ಹೀಗೇ ತಲೆಕೆಳಗು. 2023ರಲ್ಲಿ ಜರ್ಮನಿ 7,000 ಮೆಗಾವ್ಯಾಟ್‌ನ ಕಡಲ ಜಾಗ ಹರಾಜಿಗಿಟ್ಟಾಗ ಬಿಪಿ ಮತ್ತು ಟೋಟಲ್‌ಎನರ್ಜೀಸ್ ಸೇರಿ 1,260 ಕೋಟಿ ಯೂರೊ ಕೊಡುತ್ತೇವೆಂದವು. ರೂಪಾಯಿಯಲ್ಲಿ ಲಕ್ಷ ಕೋಟಿ ಮೀರುತ್ತದೆ. ಎರಡೇ ವರ್ಷ ಕಳೆದು 2025ರ ಆಗಸ್ಟಿನಲ್ಲಿ ಮತ್ತೆ ಹರಾಜು ಕರೆದರೆ ಬಂದ ಬಿಡ್ಡು ಸೊನ್ನೆ. ಅದೇ ತಿಂಗಳು ಅಮೆರಿಕದಲ್ಲಿ ಶೇ 80ರಷ್ಟು ಮುಗಿದಿದ್ದ, 65ರಲ್ಲಿ 45 ಯಂತ್ರ ನಿಂತಿದ್ದ ರೆವಲ್ಯೂಷನ್ ವಿಂಡ್ ಯೋಜನೆಗೆ ಸರ್ಕಾರ ಕೆಲಸ ನಿಲ್ಲಿಸಲು ಹೇಳಿತು. ಕೋರ್ಟು ಒಂದು ತಿಂಗಳಲ್ಲಿ ತಡೆ ತೆಗೆಯಿತು.

ಜರ್ಮನಿಯಲ್ಲಿ ಕಂಪನಿ ಸರ್ಕಾರಕ್ಕೆ ಕೊಟ್ಟರೆ, ಇಲ್ಲಿ ಸರ್ಕಾರ ಕಂಪನಿಗೆ ಕೊಡಬೇಕು. 2024ರ ಜೂನಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ನೆರವು 7,453 ಕೋಟಿ ರೂಪಾಯಿ: ಗುಜರಾತ್, ತಮಿಳುನಾಡಿಗೆ ತಲಾ 500 ಮೆಗಾವ್ಯಾಟ್, ಜೊತೆಗೆ ಬಂದರು ಸುಧಾರಣೆಗೆ 600 ಕೋಟಿ. ಬಂದರಿನ ಹಣ ಬಿಟ್ಟರೂ ಮೆಗಾವ್ಯಾಟ್‌ಗೆ 6.85 ಕೋಟಿ ನೆರವು. ನೆಲದ ಮೇಲೆ ಒಂದು ಮೆಗಾವ್ಯಾಟ್ ಗಾಳಿಯಂತ್ರ ಹಾಕುವ ಪೂರ್ತಿ ಖರ್ಚೇ ಇದರ ಆಸುಪಾಸು. ಇಷ್ಟೇಕೆ? ಗಾಳಿಯ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟಾಗುತ್ತದೆ, ಇಳಿದರೂ ಹಾಗೇ ಇಳಿಯುತ್ತದೆ. ಖಂಭಾತ್‌ನಲ್ಲಿ ಅಳೆದ ಸರಾಸರಿ ಸೆಕೆಂಡಿಗೆ ಏಳೂವರೆ ಮೀಟರ್, ಉತ್ತರ ಸಮುದ್ರದಲ್ಲಿ ಹತ್ತರ ಹತ್ತಿರ. ಎರಡೂವರೆ ಮೀಟರಿನ ಕೊರತೆಗೆ ಗಾಳಿಯ ಶಕ್ತಿ ಅರ್ಧಕ್ಕಿಂತ ಕೆಳಗೆ ಹೋಗುತ್ತದೆ.

ಇತ್ತ ಕರ್ನಾಟಕದ ನೆಲದ ಮೇಲೆ 150 ಮೀಟರ್ ಎತ್ತರದ ಗಾಳಿಯಲ್ಲಿ 1,69,000 ಮೆಗಾವ್ಯಾಟ್ ಸಾಧ್ಯ ಎಂಬ ಸರ್ಕಾರಿ ಅಂದಾಜಿದೆ. 2025ರ ಮಾರ್ಚ್‌ವರೆಗೆ ಹಾಕಿದ್ದು 7,000ದ ಚಿಲ್ಲರೆ. ನೆಲದಲ್ಲಿ ಜಗಳವಿಲ್ಲವೆಂದಲ್ಲ, ಗದಗಿನ ಕಪ್ಪತಗುಡ್ಡವನ್ನು ಕೇಳಿ. ಆದರೂ ಮೊದಲು ಇಲ್ಲಿನದನ್ನು ಇತ್ಯರ್ಥ ಮಾಡಿ, ಕಡಲನ್ನು ನಿಧಾನವಾಗಿ ನೋಡಿದರೆ ಸಾಕು ಎಂಬುದು ನನ್ನ ಪಕ್ಷ.

ಹತ್ತಿಕುಣಿಗೆ ಇದರ ಉಸಾಬರಿ ಏಕೆ ಎನ್ನಬಹುದು. 2013ರ ಡಿಸೆಂಬರ್ 31ರಂದು ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟ್ ಲೈನು ಚಾಲೂ ಆಯಿತು. ಅಲ್ಲಿಯವರೆಗೆ ಬೇರೆಯಾಗಿ ಮಿಡಿಯುತ್ತಿದ್ದ ದಕ್ಷಿಣದ ವಿದ್ಯುತ್ ಜಾಲ ಅಂದು ಉಳಿದ ದೇಶದ ಜೊತೆ ಸೇರಿತು. ಖಂಭಾತ್‌ನಲ್ಲಿ ಮುಂದೆಂದಾದರೂ ರೆಕ್ಕೆ ತಿರುಗಿದರೆ ಅದೂ ಹತ್ತಿಕುಣಿಯ ಪಂಪ್‌ಸೆಟ್ಟೂ ಒಂದೇ ಜಾಲದಲ್ಲಿ, ಸೆಕೆಂಡಿಗೆ 50 ಆವರ್ತನದ ಒಂದೇ ಮಿಡಿತದಲ್ಲಿ. 10 ಎಚ್‌ಪಿ ಪಂಪ್‌ಸೆಟ್ಟಿನ ಲೆಕ್ಕ ಹಿಡಿದರೆ, ಪೂರ್ತಿ ಗಾಳಿಯಿದ್ದಾಗ 15 ಮೆಗಾವ್ಯಾಟ್‌ನ ಒಂದು ಕಂಬ 2,000 ಪಂಪ್‌ಸೆಟ್ಟುಗಳನ್ನು ಒಟ್ಟಿಗೇ ಓಡಿಸಬಲ್ಲದು. 30,000 ಮೆಗಾವ್ಯಾಟ್ ಗುರಿಗೂ ಅಂಥ ಕಂಬಗಳು ಸರಿಯಾಗಿ 2,000 ಬೇಕು. ಒಂದೊಂದರ ಸುತ್ತ 194 ಎಕರೆ ಬಿಟ್ಟರೆ 3 ಲಕ್ಷ 88 ಸಾವಿರ ಎಕರೆ ನೀರು.