ಕಂಕುಳಿನ ಗಂಟಿಗೆ ಕಾರಣ ಬೆರಳಿನಲ್ಲಿರಬಹುದು

ಪೆರಾಬೆಯಂಥ ಅಡಿಕೆ, ರಬ್ಬರ್ ತೋಟಗಳ ಊರಿನಲ್ಲಿ ಗಾಯವಿಲ್ಲದ ಕೈ ಸಿಗುವುದು ಕಷ್ಟ. ಸೊಪ್ಪು ಕಡಿಯುವಾಗ ಮುಳ್ಳು, ಅಡಿಕೆ ಸುಲಿಯುವಾಗ ಕತ್ತಿ, ಇಲ್ಲವಾದರೆ ಮನೆಯ ಬೆಕ್ಕು ಪರಚಿದ ಗೀರು. ಉಗುರಿನ ಬದಿಯ ಕೀವು ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ಆಮೇಲೊಂದು ದಿನ ಮೀಯುವಾಗ ಕಂಕುಳಲ್ಲಿ ಕಡಲೆಗಾತ್ರದ, ಮುಟ್ಟಿದರೆ ನೋಯುವ ಗಂಟು ಕೈಗೆ ತಾಗಿದರೆ ಮನಸ್ಸು ನೇರ ಕ್ಯಾನ್ಸರಿಗೇ ಹೋಗುತ್ತದೆ.

ಆಗ ಮೊದಲು ನೋಡಬೇಕಾದ್ದು ಅದೇ ಬದಿಯ ಕೈಯನ್ನು. ಒಂದೊಂದು ಕಂಕುಳಲ್ಲೂ ಸುಮಾರು 20ರಿಂದ 30 ದುಗ್ಧಗ್ರಂಥಿಗಳಿವೆ. ತೋಳು, ಸ್ತನ, ಎದೆ ಮತ್ತು ಬೆನ್ನಿನ ಮೇಲ್ಭಾಗದಿಂದ ಬರುವ ದುಗ್ಧರಸವನ್ನು ಅವು ಸೋಸುತ್ತವೆ. ಗಾಯದ ರೋಗಾಣು ಅಲ್ಲಿಗೆ ತಲುಪಿದರೆ ಬಿಳಿರಕ್ತಕಣಗಳು ವೃದ್ಧಿಯಾಗಿ ಗ್ರಂಥಿ ಊದುತ್ತದೆ. ಗಾಯ ಮಾಯ್ದರೂ ಊತ ಇಳಿಯಲು ಕೆಲವು ವಾರ ಬೇಕು. 2021ರಲ್ಲಿ ಕೋವಿಡ್ ಲಸಿಕೆ ಪಡೆದ ಕೆಲವರಿಗೆ ಚುಚ್ಚಿದ ಬದಿಯಲ್ಲೇ ಗಂಟು ಕಾಣಿಸಿಕೊಂಡದ್ದೂ ಹೀಗೆಯೇ.

ಬಾಣಂತಿಯರ ಒಂದು ಗಂಟಿನ ಬಗ್ಗೆ ಬಿಡಿಸಿ ಹೇಳಲೇಬೇಕು. ನಾಚಿಕೆಯಿಂದ ಮುಚ್ಚಿಟ್ಟು ಸುಮ್ಮನೆ ಹೆದರುವುದು ಇದಕ್ಕೇ. ಭ್ರೂಣದಲ್ಲಿ ಸ್ತನ ಮೂಡುವ ಗೆರೆ ಕಂಕುಳಿನಿಂದ ತೊಡೆಸಂದಿಯವರೆಗೂ ಇರುತ್ತದೆ. ಎದೆಯ ಭಾಗ ಬೆಳೆದು ಮಿಕ್ಕದ್ದು ಅಳಿಸಿಹೋಗುತ್ತದೆ. ಕೆಲವರಿಗೆ ಕಂಕುಳಲ್ಲಿ ಒಂದಿಷ್ಟು ಉಳಿದುಬಿಡುತ್ತದೆ. ಹೆರಿಗೆಯಾಗಿ ಎದೆಹಾಲು ತುಂಬುವ ಮೂರು ನಾಲ್ಕನೆಯ ದಿನ ಅದೂ ಊದಿ ಬಿಗಿಯುತ್ತದೆ. ಹೆಚ್ಚಿನವರಲ್ಲಿ ಅಲ್ಲಿ ಹಾಲು ಹೊರಬರಲು ದಾರಿಯಿರುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕಿದರೆ, ಹಿಂಡಿದರೆ ನೋವು ಹೆಚ್ಚುತ್ತದೆ. ತಣ್ಣೀರ ಬಟ್ಟೆ ಇಟ್ಟು, ಮಗುವಿಗೆ ಎಂದಿನಂತೆ ಹಾಲೂಡಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇಳಿಯುತ್ತದೆ.

ಬೆರಳೊತ್ತಿದರೆ ಜಾರುವ, ಮೆತ್ತಗಿನ, ನೋಯದ ಗಂಟು ಬಹುಪಾಲು ಕೊಬ್ಬಿನ ಗಡ್ಡೆ. ಅದನ್ನು ಕರಗಿಸುವ ಮದ್ದಿಲ್ಲ. ತೊಂದರೆ ಕೊಡದಿದ್ದರೆ ಬಿಡಬಹುದು. ಕೊಟ್ಟರೆ ಆ ಜಾಗಕ್ಕಷ್ಟೇ ಮರಗಟ್ಟುವ ಚುಚ್ಚುಮದ್ದು ಕೊಟ್ಟು ತೆಗೆಯುತ್ತಾರೆ. ಚರ್ಮದಡಿಯ ಚೀಲದ ಗಂಟಾದರೆ ಚೀಲವನ್ನೇ ಪೂರ್ತಿ ತೆಗೆಯಬೇಕು, ಇಲ್ಲವಾದರೆ ಮತ್ತೆ ತುಂಬಿಕೊಳ್ಳುತ್ತದೆ. ಕೀವಾದ ಕುರುವನ್ನು ಮನೆಯಲ್ಲಿ ಸೂಜಿಯಿಂದ ಚುಚ್ಚಬಾರದು. ವೈದ್ಯರು ಕೊಯ್ದು ಕೀವು ತೆಗೆಯಲಿ, ರಕ್ತದ ಸಕ್ಕರೆಯನ್ನೂ ಪರೀಕ್ಷಿಸಲಿ. ಎರಡೂ ಕಂಕುಳಲ್ಲಿ ಕುರು ಮರುಕಳಿಸುತ್ತಾ ಕಲೆಗಟ್ಟಿ ಸುರಂಗದಂತಾಗಿದ್ದರೆ ಅದು ಕೊಳೆಯಿಂದ ಬಂದದ್ದಲ್ಲ, ಅಂಟುವುದೂ ಇಲ್ಲ. ಕೂದಲಬುಡ ಮುಚ್ಚಿ ಉರಿಯೂತವಾಗುವ ದೀರ್ಘಕಾಲದ ಚರ್ಮರೋಗವದು. ಚರ್ಮವೈದ್ಯರ ಚಿಕಿತ್ಸೆ ಬೇಗ ಶುರುವಾದಷ್ಟೂ ಕಲೆ ಕಡಿಮೆ. ಬೀಡಿ ಬಿಡುವುದೂ, ಮೈತೂಕ ಇಳಿಸುವುದೂ ನೆರವಾಗುತ್ತದೆ.

ಗಂಟು ಗಟ್ಟಿಯಾಗಿ ಕಚ್ಚಿಕೊಂಡಿದ್ದರೆ, ಮೂರು ವಾರಕ್ಕೂ ಇಳಿಯದೆ ದೊಡ್ಡದಾಗುತ್ತಿದ್ದರೆ, ಜತೆಗೆ ಸ್ತನದಲ್ಲಿ ಬದಲಾವಣೆ, ರಾತ್ರಿ ಬೆವರು, ಬಿಡದ ಜ್ವರ, ತೂಕ ಇಳಿಕೆ ಇದ್ದರೆ ನೋವಿಲ್ಲವೆಂದು ಕಾಯಬೇಡಿ. ಸ್ಕ್ಯಾನ್ ಮಾಡಿ, ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡಿದರೆ ಹೆಚ್ಚಾಗಿ ಕಾರಣ ತಿಳಿಯುತ್ತದೆ. ದುಗ್ಧಗ್ರಂಥಿಯ ಕ್ಷಯವೆಂದು ಗೊತ್ತಾದರೂ ಸರಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ. ಪೂರ್ತಿ ಅವಧಿ ನುಂಗಿದರೆ ಗುಣವಾಗುವ ಕಾಯಿಲೆಯದು.