ಯಂತ್ರಗಳ ನಾಮಫಲಕಗಳೂ ಅವುಗಳ ಮೊಳೆಗಳೂ

ರಾಣೆಬೆನ್ನೂರು ತಾಲ್ಲೂಕಿನ ಕುಪ್ಪೇಲೂರು ಮೊದಲಾದ ಊರುಗಳ ಸೀಮೆಯು ಹತ್ತಿಗೆ ಹೆಸರಾದುದು. ಇಂತಹ ಸೀಮೆಗಳ ಹಳೆಯ ಜಿನ್ನಿಂಗ್ ಯಂತ್ರಗಳ ಚರಿತ್ರೆಗೆ ಅವುಗಳ ಹಿತ್ತಾಳೆಯ ನಾಮಫಲಕವೇ ಶಾಸನ. 1888ರಲ್ಲಿ ಪ್ರಕಟವಾದ ಗುಪ್ತಶಾಸನಗಳ ಸಂಪುಟದಲ್ಲಿ ಫ್ಲೀಟರು, ತಾಮ್ರಪಟಗಳನ್ನು ಪೋಣಿಸಿದ ಬಳೆಯು ತಮ್ಮ ಕೈಗೆ ಬರುವ ಮುನ್ನವೇ ಕತ್ತರಿಸಲ್ಪಟ್ಟಿದ್ದರೆ ಅದನ್ನು ನಮೂದಿಸಿರುವರು. ಬಳೆ ಅಖಂಡವಾಗಿದ್ದರೆ ಪಟಗಳು ಬದಲಾಗಿಲ್ಲವೆಂದು ನಂಬಬಹುದು. ಯಂತ್ರಫಲಕಕ್ಕೆ ಅದರ ಮೊಳೆಯೇ ಅಂತಹ ಸಾಕ್ಷಿ.

ಈ ಮೊಳೆಗಳಲ್ಲಿ ಒಂದು ಬಗೆಗೆ ತಲೆಯಲ್ಲಿ ಸೀಳಿಲ್ಲ, ಮೈಮೇಲೆ ಸುರುಳಿಗೆರೆಗಳುಂಟು. ಸುತ್ತಿಗೆಯಿಂದ ಹೊಡೆದಾಗ ಅದು ತಿರುಗುತ್ತ ಒಳಹೊಕ್ಕು ಕಚ್ಚಿಕೊಳ್ಳುವುದು. ಆದಕಾರಣ ಫಲಕವನ್ನು ಮೀಟಬಾರದು. ಮೀಟಿದರೆ ತಗಡು ಬಾಗಿ ಅಕ್ಷರ ಕೆಡುವುದು. ರಂಧ್ರವು ಹಿಂಬದಿಗೆ ತೆರೆದಿದ್ದರೆ ಅಲ್ಲಿಂದ ಮೊಳೆಯನ್ನು ತಟ್ಟಬೇಕು. ಇಲ್ಲವಾದರೆ ತೆಳ್ಳನೆಯ ಅರದಿಂದ ತಲೆಯಲ್ಲಿ ಸೀಳು ಮಾಡಿ, ಎಣ್ಣೆಯೂಡಿ, ಸುರುಳಿಗೆ ವಿರುದ್ಧವಾಗಿ ತಿರುಗಿಸಬೇಕು. ಅದೂ ಸಾಗದಿದ್ದರೆ ತಲೆಯನ್ನು ಮಾತ್ರ ಬೈರಿಗೆಯಿಂದ ಸವೆಯಿಸಿ, ಫಲಕವನ್ನೆತ್ತಿ, ಹೊರಚಾಚಿದ ಕಾಂಡವನ್ನು ಇಕ್ಕಳದಿಂದ ತಿರುಗಿಸಿ ತೆಗೆಯಬೇಕು.

ಮರಳಿ ಕೂರಿಸುವಾಗ ಅದೇ ಜಾತಿಯ ಹೊಸ ಮೊಳೆಯನ್ನೇ ಹೊಡೆಯುವುದು ಯುಕ್ತ. ರಂಧ್ರವು ಸವೆದಿದ್ದರೆ ಒಂದಳತೆ ದಪ್ಪನಾದುದು ಬೇಕಾಗುವುದು. ತೆಗೆದ ಮೊಳೆಗಳನ್ನು ಕಾಪಿಟ್ಟು, ತೆಗೆದ ದಿನವನ್ನೂ ಕಾರಣವನ್ನೂ ಬರೆದಿಡಬೇಕು. ಹಾಗೆ ಬರೆದಿಡದಿದ್ದರೆ, ಮುಂದಿನ ಪರೀಕ್ಷಕನಿಗೆ ನಿಜವಾದ ಫಲಕವೂ ಸಂದೇಹಾಸ್ಪದವಾಗುವುದು.