ಕಿವಿ ಮಂದವಾದ ಹಿರಿಯರೊಡನೆ

ವೃದ್ಧಾಶ್ರಮಗಳಲ್ಲಿ ಹಟಮಾರಿಗಳೆಂದೂ ಅರಳುಮರಳಿನವರೆಂದೂ ಹೆಸರು ಹೊತ್ತ ಎಷ್ಟೋ ಹಿರಿಯರಲ್ಲಿ ಬುದ್ಧಿಯು ಸ್ವಸ್ಥವಾಗಿಯೇ ಇದ್ದು, ಕುಂದಿರುವುದು ಶ್ರವಣಶಕ್ತಿ ಮಾತ್ರವೆಂಬುದನ್ನು ದಾದಿಯರೂ ಮಕ್ಕಳೂ ಬಹುಕಾಲ ಅರಿಯದೆ ಹೋಗುವುದುಂಟು. 60 ದಾಟಿದವರಲ್ಲಿ ಶೇಕಡಾ 25ಕ್ಕೂ ಹೆಚ್ಚು ಮಂದಿಗೆ ನಿತ್ಯವ್ಯವಹಾರಕ್ಕೆ ಅಡ್ಡಿಯಾಗುವಷ್ಟು ಶ್ರವಣದೋಷವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ವಾರ್ಧಕ್ಯದ ಕಿವುಡು ಎಲ್ಲ ಸದ್ದನ್ನೂ ಒಮ್ಮೆಗೇ ಅಳಿಸತಕ್ಕದ್ದಲ್ಲ. ಒಳಗಿವಿಯ ಸುರುಳಿಯಲ್ಲಿರುವ, ಒಮ್ಮೆ ನಶಿಸಿದರೆ ಮರಳಿ ಹುಟ್ಟದ ಸೂಕ್ಷ್ಮ ರೋಮಕೋಶಗಳು ಕ್ಷಯಿಸುತ್ತ ಬಂದಂತೆ ಮೊದಲು ಮರೆಯಾಗುವುವು ಉಚ್ಚಕಂಪನದ ಧ್ವನಿಗಳು. ಸ್ವರಗಳಿನ್ನೂ ಕಿವಿಗೆ ಬೀಳುತ್ತಿರುವಾಗಲೇ ಸಕಾರ, ತಕಾರ, ಕಕಾರಾದಿ ವ್ಯಂಜನಗಳು ಮಸುಕಾಗುವುದರಿಂದ, 'ಕಾಲು ನೋವೇ ಅಜ್ಜಿ?' ಎಂದವಳಿಗೆ 'ಹಾಲು ಬೇಡ ತಾಯಿ' ಎಂಬ ಉತ್ತರ ದೊರೆಯುವುದೂ, ಕೇಳಿದವರು ನಗುವುದೂ, ಆ ನಗೆಯನ್ನು ಕಂಡ ಅಜ್ಜಿ ಮಾತನ್ನೇ ಕಡಿಮೆಮಾಡುವುದೂ ಒಂದರ ಬೆನ್ನಿಗೊಂದು ನಡೆಯುತ್ತವೆ. ಕೂಗಿ ಹೇಳಿದರೆ? ಕೂಗು ಸ್ವರವನ್ನು ಹಿಗ್ಗಿಸೀತೇ ಹೊರತು ವ್ಯಂಜನವನ್ನು ತಿಳಿಗೊಳಿಸದು. ಮೇಲಾಗಿ, ಹಿರಿಯರ ಮಲಮೂತ್ರದ ಸಮಾಚಾರವನ್ನೆಲ್ಲ ನೆರೆಹಾಸಿಗೆಯವರಿಗೆ ಡಂಗುರ ಹೊಡೆದಂತಾಗುವುದು.

ಬಲ್ಲ ದಾದಿಯು ಮೊದಲು ಕಿವಿಯಲ್ಲಿ ಗುಗ್ಗೆ ಗಟ್ಟಿಕಟ್ಟಿದೆಯೇ ಎಂದು ನೋಡಿಸುತ್ತಾಳೆ. ಅದನ್ನು ತೆಗೆಸಿದ ಮಾತ್ರಕ್ಕೇ ಕಿವಿ ತಿಳಿಯಾಗುವವರೂ ಉಂಟು. ಅನಂತರ ಟಿವಿಯನ್ನು ಆರಿಸಿ, ಕಿಟಕಿಗೆ ಬೆನ್ನಾಗದೆ, ತನ್ನ ಮುಖದ ಮೇಲೆ ಬೆಳಕು ಬೀಳುವಂತೆ ಎದುರಿಗೆ ಕುಳಿತು, ದನಿಯ ಸ್ಥಾಯಿಯನ್ನು ಕೊಂಚ ತಗ್ಗಿಸಿ ನಿಧಾನವಾಗಿ ಮಾತಾಡುತ್ತಾಳೆ; ತಿಳಿಯದಿದ್ದರೆ ಅದೇ ವಾಕ್ಯವನ್ನು ಪುನರುಚ್ಚರಿಸದೆ ಬೇರೆ ಮಾತಿನಲ್ಲಿ ಹೇಳುತ್ತಾಳೆ.

ಇಷ್ಟು ಸಾಲದವರಿಗೆ ಬೇಕಾಗುವ ಶ್ರವಣೋಪಕರಣಕ್ಕೆ ನಮ್ಮಲ್ಲಿ ಮಾರ್ಗವಿಲ್ಲದಿಲ್ಲ. 1966ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ; ಬಡ ಹಿರಿಯರಿಗಾಗಿ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಸಾಧನಗಳಲ್ಲಿ ಶ್ರವಣಯಂತ್ರವೂ ಸೇರಿದೆ. ಆದರೆ ಯಂತ್ರವನ್ನು ಪಡೆಯುವುದಕ್ಕಿಂತ ಅದನ್ನು ಕಿವಿಯಲ್ಲಿ ಉಳಿಸುವುದೇ ದುಸ್ಸಾಧ್ಯ. ಗುಂಡಿಯಂಥ ಬ್ಯಾಟರಿಯ ಮೇಲಿನ ಅಂಟುಪಟ್ಟಿಯನ್ನು ಕಿತ್ತೊಡನೆ ಗಾಳಿ ತಾಗಿ, ಯಂತ್ರವನ್ನು ಧರಿಸಲಿ ಬಿಡಲಿ, ಅದರ ಆಯುಸ್ಸು ಕರಗತೊಡಗುತ್ತದೆ. ಸಂಧಿವಾತದ ಬೆರಳುಗಳಿಗೆ ಅದನ್ನು ಬದಲಿಸಲು ಸಾಧ್ಯವಾಗದು. ಕೆಂಪು ಗುರುತಿನದು ಬಲಗಿವಿಗೆ, ನೀಲಿಯದು ಎಡಗಿವಿಗೆ ಎಂಬಷ್ಟನ್ನು ರಾತ್ರಿಪಾಳಿಯವರಿಗೆ ಯಾರೂ ತಿಳಿಸಿರುವುದಿಲ್ಲ. ಹೀಗೆ ಸಾವಿರಾರು ರೂಪಾಯಿಯ ಯಂತ್ರ ಮೇಜಿನ ಖಾನೆಯನ್ನು ಸೇರುತ್ತದೆ. ಇದು ವೃದ್ಧರ ಔದಾಸೀನ್ಯವೆಂದು ನಾನು ಒಪ್ಪಲಾರೆ. ಶುಶ್ರೂಷೆಯ ಲೋಪವೇ ಸರಿ.

ತಂದೆತಾಯಿಗಳನ್ನು ಆಶ್ರಮಕ್ಕೆ ಸೇರಿಸಹೊರಟವರು ಕೋಣೆಯ ಅಳತೆಯನ್ನೂ ಊಟದ ಕ್ರಮವನ್ನೂ ವಿಚಾರಿಸುವಾಗ, ಕಿವಿಯ ಮೆಷಿನ್ನಿಗೆ ಬ್ಯಾಟರಿ ಹಾಕುವವರು ಯಾರೆಂಬುದನ್ನೂ ದಯವಿಟ್ಟು ಕೇಳಿರಿ.